ಮುಖಪುಟದ ಮೇಲೆ ಕುಕ್ಕರ್

ಬಿಸಿ ಕುಕ್ಕರನ್ನು ಒಲೆಯಿಂದ ಇಳಿಸಿ ಕೈಯಲ್ಲಿ ಹಿಡಿದು ನಿಂತವನಿಗೆ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಮೈಸೂರಿನ ನಮ್ಮ ಮನೆಯಲ್ಲಾದರೆ ಕೈ ಚಾಚಿದಲ್ಲಿ ನಿನ್ನೆಯ ಪೇಪರ್ ಸಿಗುತ್ತದೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಮಗನ ಮನೆಯಲ್ಲಿ ಎಲ್ಲವೂ ಇದೆ, ಹಳೆಯ ಪೇಪರ್ ಒಂದನ್ನು ಬಿಟ್ಟು. ಅಲ್ಲಿ ಸುದ್ದಿಯೆಲ್ಲ ಮೊಬೈಲಿನಲ್ಲಿ ಹುಟ್ಟಿ ಮೊಬೈಲಿನಲ್ಲೇ ಸಾಯುತ್ತದೆ. ಅದರ ಮೇಲೆ ಕುಕ್ಕರ್ ಇಡಲಾಗುವುದಿಲ್ಲ. ಊಟದ ಮೇಜಿನ ಮೇಲೆ ದಪ್ಪನೆಯ ಪತ್ರಿಕೆಯೊಂದು ಕಂಡಿತು. ಇಟ್ಟೆ. ಎತ್ತಿದಾಗ ಮುಖಪುಟದ ಸಾಂಟಾ ಕ್ಲಾಸ್ ಒಂದು ದುಂಡನೆಯ ಕಂದು ಬಳೆಯೊಳಗೆ ಸಿಕ್ಕಿಕೊಂಡು ನಗುತ್ತಿದ್ದ. ಬಳೆಯ ಅಂಚಿನಲ್ಲಿ ಒಂದು ತೊಗರಿಬೇಳೆಯೂ ಇತ್ತು.

“ಅಪ್ಪ, ಅದು ನಮ್ಮದಲ್ಲ” ಎಂದ ಮಗ.

“ಕುಕ್ಕರ್ ಇಳಿಸಿ ಎಂದು ನಿಮಗೆ ಯಾರು ಹೇಳಿದರು?” ಎಂದಳು ನನ್ನ ಹೆಂಡತಿ. ಇಳಿಸದಿದ್ದರೆ ಏನು ಹೇಳುತ್ತಿದ್ದಳು ಎಂಬುದೂ ನನಗೆ ಗೊತ್ತು.

ಅದು ಪಕ್ಕದ ಮನೆಯ ಅಜ್ಜಿಯದು. ಎಂಬತ್ತು ದಾಟಿದ ಹೆಂಗಸು. ಪ್ರತಿ ಡಿಸೆಂಬರಿನಲ್ಲಿ ‘ರೇಡಿಯೋ ಟೈಮ್ಸ್’ ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆ ಕೊಂಡು, ಎರಡು ವಾರದ ಟಿವಿ ಕಾರ್ಯಕ್ರಮಗಳನ್ನು ಸಾಲುಸಾಲಾಗಿ ಓದಿ, ನೋಡಬೇಕಾದವುಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. ಆ ದೇಶದ ಎಷ್ಟೋ ಮನೆಗಳಲ್ಲಿ ಇದೊಂದು ವ್ರತ. ಭಾರತದಿಂದ ಬಂದ ಮುದುಕ ಮುದುಕಿಗೆ ಯಾವುದು ಒಳ್ಳೆಯದೆಂದು ತಿಳಿಯಲಿ ಎಂದು, ಪಾಪ, ಸುತ್ತು ಹಾಕಿದ್ದ ಪ್ರತಿಯನ್ನೇ ನಮಗೆ ಎರಡು ದಿನಕ್ಕೆ ಕೊಟ್ಟಿದ್ದರು. ಅವರ ಸುತ್ತುಗಳ ಮೇಲೆ ನಾನೊಂದು ದೊಡ್ಡ ಸುತ್ತು ಹಾಕಿದ್ದೆ.

ಹೊಸದು ತರಲು ಸೂಪರ್ ಮಾರ್ಕೆಟ್ಟಿಗೆ ಹೊರಟೆ. ತಲೆಗೆ ಮಂಕಿ ಕ್ಯಾಪ್, ಚೀಲದಲ್ಲಿ ಪುರಾವೆಗೆಂದು ಹಳೆಯ ಪ್ರತಿ. ಪತ್ರಿಕೆಗಳ ಕಟಕಟೆಯ ಮುಂದೆ ನಿಂತರೆ, ಟಿವಿ ಕಾರ್ಯಕ್ರಮದ ಪಟ್ಟಿಗೆಂದೇ ಮೂರ್ನಾಲ್ಕು ಪತ್ರಿಕೆಗಳು! ಅಗ್ಗದವುಗಳ ಮುಖಪುಟದ ಮೇಲೆ ಧಾರಾವಾಹಿಯ ನಟನಟಿಯರು ಗುಂಪುಗುಂಪಾಗಿ ನಿಂತು ನನ್ನನ್ನೇ ದುರುಗುಟ್ಟುತ್ತಿದ್ದರು. ಹಬ್ಬದ ದಿನವೇ ಯಾರದೋ ಮದುವೆ ಮುರಿಯುತ್ತದಂತೆ, ಯಾರದೋ ಗುಟ್ಟು ರಟ್ಟಾಗುತ್ತದಂತೆ. ಕಥೆ ನೋಡುವ ಮೊದಲೇ ಕಥೆ ಹೇಳಿಬಿಡುವ ಈ ಚಾಳಿ ನಮ್ಮ ಸೋದರತ್ತೆಯೊಬ್ಬರಿಗೆ ಮಾತ್ರ ಇದೆ ಎಂದು ತಿಳಿದಿದ್ದೆ.

ಈ ಮುಖಪುಟಗಳ ಕಷ್ಟವನ್ನು ಒಂದು ಕ್ಷಣ ಯೋಚಿಸಿ. ಒಳಗಿರುವ ಸರಕು ಎಲ್ಲದರಲ್ಲೂ ಒಂದೇ. ಎಂಟು ಗಂಟೆಯ ಕಾರ್ಯಕ್ರಮ ಯಾವ ಪತ್ರಿಕೆ ಕೊಂಡರೂ ಎಂಟಕ್ಕೇ. ಮೊದಲು ಹೀಗಿರಲಿಲ್ಲ, ಬಿಬಿಸಿಯ ಪಟ್ಟಿ ಬೇಕಾದರೆ ‘ರೇಡಿಯೋ ಟೈಮ್ಸ್’, ಖಾಸಗಿ ವಾಹಿನಿ ಐಟಿವಿಯದು ಬೇಕಾದರೆ ‘ಟಿವಿ ಟೈಮ್ಸ್’, ಎರಡೂ ಬೇಕಾದರೆ ಎರಡನ್ನೂ ಕೊಳ್ಳಬೇಕಿತ್ತು. 1991ರ ಮಾರ್ಚ್‌ನಲ್ಲಿ ಆ ಬೇಲಿ ಬಿತ್ತು. ಅಂದಿನಿಂದ ಎಲ್ಲ ಅಂಗಡಿಯಲ್ಲೂ ಒಂದೇ ಮಿಲ್ಲಿನ ಅಕ್ಕಿ, ಚೀಲದ ಮೇಲಿನ ಚಿತ್ರ ಮಾತ್ರ ಬೇರೆ. ಮದುವೆ ಮುರಿಯುವುದನ್ನು ಕಾಯುವವರಿಗೆ ಒಂದು ಚೀಲ. ಟಿವಿ ನೋಡಿದರೂ ನೋಡುವುದಿಲ್ಲವೆಂದು ತೋರಿಸಿಕೊಳ್ಳಬೇಕಾದವರಿಗೆ ಇನ್ನೊಂದು.

ಮುಖಪುಟದ ಶಕ್ತಿಯನ್ನು ನನಗೆ ಕಲಿಸಿದ್ದು ಮಾತ್ರ ಇಂಗ್ಲೆಂಡ್ ಅಲ್ಲ, ಏಳನೆಯ ತರಗತಿಯ ಗಣಿತ ಪುಸ್ತಕ. ಆಗ ಪುಸ್ತಕಗಳಿಗೆ ಬೈಂಡ್ ಹಾಕಲು ಖಾಕಿ ಕಾಗದ ಕೊಳ್ಳುವಷ್ಟು ಧಾರಾಳ ನಮ್ಮ ಮನೆಯಲ್ಲಿರಲಿಲ್ಲ. ವಾರಪತ್ರಿಕೆಯ ಮುಖಪುಟವೇ ಗತಿ. ಜೂನ್ ಬಂತೆಂದರೆ ನನಗೂ ಅಕ್ಕನಿಗೂ ಮುಖಪುಟಗಳ ಪಾಲುಪಟ್ಟಿ. ಆ ವರ್ಷ ಅಕ್ಕ ದೇವಸ್ಥಾನ, ಜಲಪಾತ, ಗುಲಾಬಿ ಹೂವುಗಳನ್ನೆಲ್ಲ ಬಾಚಿಕೊಂಡು ನನಗೆ ಉಳಿಸಿದ್ದು ಒಬ್ಬ ನಾಯಕನಟಿಯನ್ನು. ಕನಕಾಂಬರ ಮುಡಿದು, ಕತ್ತು ಸ್ವಲ್ಪವೇ ಓರೆ ಮಾಡಿ, ಯಾರೋ ಈಗತಾನೇ ಕರೆದರೇನೋ ಎಂಬಂತೆ ನೋಡುತ್ತಿದ್ದರು. ಹೆಸರು ಹೇಳುವುದಿಲ್ಲ, ಈಚೆಗೂ ತಾಯಿಯ ಪಾತ್ರದಲ್ಲಿ ನೋಡಿದ್ದೇನೆ. ಅವರನ್ನು ಗಣಿತಕ್ಕೆ ಕಟ್ಟಿದೆ.

ನಮ್ಮ ಗಣಿತದ ಮೇಷ್ಟರಿಗೆ ಸ್ವಂತ ಪುಸ್ತಕವಿತ್ತು. ಆದರೂ ಮಾರನೆಯ ದಿನದಿಂದ ತರಗತಿಗೆ ಬಂದೊಡನೆ “ಎಲ್ಲಿ, ನಿನ್ನ ಪುಸ್ತಕ ಕೊಡು” ಎಂದು ನನ್ನ ಕಡೆ ಕೈ ನೀಡತೊಡಗಿದರು. ಲಾಭ ನಷ್ಟದ ಲೆಕ್ಕ ಹೇಳುವಾಗ ಪುಸ್ತಕವನ್ನು ಎದೆಯ ಮಟ್ಟದಲ್ಲಿ ಎತ್ತಿ ಹಿಡಿಯುತ್ತಿದ್ದುದರಿಂದ ಲೆಕ್ಕ ಅವರ ಕಡೆ, ನಾಯಕಿ ನಮ್ಮ ಕಡೆ. ಇಡೀ ತರಗತಿ ಮೊದಲ ಬಾರಿಗೆ ಕಣ್ಣು ಮಿಟುಕಿಸದೆ ಗಣಿತ ಕೇಳಿತು. ಸ್ವಲ್ಪ ದಿನದಲ್ಲೇ ಮೇಷ್ಟರಿಗೆ ಅದರ ಅರ್ಥವಾಗಿರಬೇಕು. ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ, ಮುಖಪುಟ ತಮಗೆ ಕಾಣುವಂತೆ ಇಟ್ಟುಕೊಂಡು, ಲೆಕ್ಕವನ್ನು ಬಾಯಿಪಾಠದಿಂದಲೇ ಹೇಳಲಾರಂಭಿಸಿದರು. ನಮ್ಮ ಅಂಕಗಳು ಮತ್ತೆ ಕುಸಿದವು.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಬಂದರು. ಶಾಲೆಯೇ ಉಸಿರು ಬಿಗಿಹಿಡಿದಿತ್ತು. ನೇರ ನನ್ನ ಬಳಿಗೆ ಬಂದು ಪುಸ್ತಕ ಎತ್ತಿಕೊಂಡರು. ಸರಳಬಡ್ಡಿಯ ಸೂತ್ರ ಕೇಳುತ್ತಾರೆಂದು ನಾನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಅವರು ಪುಸ್ತಕವನ್ನು ಅತ್ತಿತ್ತ ತಿರುಗಿಸಿ, ಕನ್ನಡಕ ಏರಿಸಿ, ತಗ್ಗಿದ ದನಿಯಲ್ಲಿ “ಇದು ಯಾವ ವಾರದ ಸಂಚಿಕೆ?” ಎಂದರು.

ಮರುದಿನ ಮೇಷ್ಟರು, ಇನ್ನು ಮೇಲೆ ಎಲ್ಲರೂ ಖಾಕಿ ಕಾಗದದ ಬೈಂಡೇ ಹಾಕಬೇಕೆಂದು ಆಜ್ಞೆ ಹೊರಡಿಸಿದರು. ನನ್ನ ಪುಸ್ತಕದ ಬೈಂಡನ್ನು ಸ್ವತಃ ತಾವೇ ಜೋಪಾನವಾಗಿ ಬಿಚ್ಚಿ, ನಾಲ್ಕಾಗಿ ಮಡಚಿ, ಜೇಬಿಗಿಟ್ಟುಕೊಂಡರು. ಕಾಪಿ ಪುಸ್ತಕಗಳ ಕಟ್ಟು ಹೊತ್ತು ಅವರ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಗೋಡೆಗಳ ಮೇಲೆ ಅದನ್ನೇ ಹುಡುಕುತ್ತಿತ್ತು. ಕೊನೆಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ಮೇಷ್ಟರ ಹೆಂಡತಿ ನೀರು ಕೊಡಲು ಒಳಗೆ ಕರೆದಾಗ ಕಂಡೆ: ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯ ಕೆಳಗೆ ಹಾಸಿತ್ತು. ಮುಖ ಕೆಳಗಾಗಿ. ಅಂಚಿನಲ್ಲಿ ಒಂದೇ ಒಂದು ಕನಕಾಂಬರದ ದಂಡೆಯ ತುದಿ ಇಣುಕುತ್ತಿತ್ತು.

ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ಹಾಂ, ಮುಖಪುಟ.

‘ರೇಡಿಯೋ ಟೈಮ್ಸ್’ ಹುಟ್ಟಿದ್ದೇ ಒಂದು ಸಿಟ್ಟಿನಿಂದ. ರೇಡಿಯೋ ಕಾರ್ಯಕ್ರಮಗಳ ಪಟ್ಟಿ ಹಾಕಬೇಕಾದರೆ ಹಣ ಕೊಡಿ ಎಂದರಂತೆ ಪತ್ರಿಕೆಗಳ ಮಾಲೀಕರು. ಬಿಬಿಸಿಯ ಆಗಿನ ಮುಖ್ಯಸ್ಥ ಜಾನ್ ರೀತ್, ನಿಮ್ಮ ಹಂಗೇ ಬೇಡವೆಂದು 1923ರ ಸೆಪ್ಟೆಂಬರಿನಲ್ಲಿ ಸ್ವಂತ ಪತ್ರಿಕೆಯನ್ನೇ ತೆಗೆದರು. ಇಂಥ ಸಿಟ್ಟು ನನಗೆ ಇಷ್ಟ. 1988ರ ಕ್ರಿಸ್‌ಮಸ್ ಸಂಚಿಕೆ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ವರ್ಷವಿಡೀ ತಾರೆಯರ ಮುಖ ಹಾಕುವ ಪತ್ರಿಕೆ ಹಬ್ಬಕ್ಕೆ ಮಾತ್ರ ಚಿತ್ರಕಾರರಿಂದ ಸಾಂಟಾ, ಹಿಮ ಎಂದು ಬರೆಸುತ್ತದೆ. ಯಾವ ನಟನ ಮುಖ ಹಾಕಿದರೂ ಮನೆಯಲ್ಲಿ ಒಬ್ಬರಿಗಾದರೂ ಅವನನ್ನು ಕಂಡರೆ ಆಗುವುದಿಲ್ಲ. ಸಾಂಟಾನ ಮೇಲೆ ಯಾರಿಗೂ ದ್ವೇಷವಿಲ್ಲ. ಕುಕ್ಕರಿಗೂ ಇರಲಿಲ್ಲ.

ಇದೇ ಪತ್ರಿಕೆ 2005ರಲ್ಲಿ, ಚುನಾವಣೆಯ ವಾರ, ‘ಡಾಕ್ಟರ್ ಹೂ’ ಧಾರಾವಾಹಿಯ ಖಳರಾದ ಡಾಲೆಕ್‌ಗಳನ್ನು, ಇಡ್ಲಿ ಪಾತ್ರೆಗೆ ಚಕ್ರ ಹಚ್ಚಿದಂತಿರುವ ಆ ಯಂತ್ರಗಳನ್ನು, ಪಾರ್ಲಿಮೆಂಟಿನ ಮುಂದಿನ ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿ ‘ಡಾಲೆಕ್‌ಗೇ ಮತ ನೀಡಿ’ ಎಂದು ಮುಖಪುಟ ಮಾಡಿತು. ಮೂರು ವರ್ಷದ ಮೇಲೆ ಬ್ರಿಟಿಷ್ ಪತ್ರಿಕೆಗಳ ಸಾರ್ವಕಾಲಿಕ ಶ್ರೇಷ್ಠ ಮುಖಪುಟವೆಂದು ಜನ ಅದಕ್ಕೇ ಮತ ನೀಡಿದರು. ಚುನಾವಣೆಯ ಅಭ್ಯರ್ಥಿಗಳಲ್ಲಿ ಯಾರಿಗೂ ಇಷ್ಟು ನಂಬಿಕಸ್ತ ಮತದಾರರು ಸಿಕ್ಕಿರಲಾರರು.

ಅಮೆರಿಕದವರದು ಇನ್ನೂ ಒಂದು ಕೈ ಮೇಲು. ಅಲ್ಲಿಯ ‘ಟಿವಿ ಗೈಡ್’ 1953ರ ಏಪ್ರಿಲ್‌ನಲ್ಲಿ ದೇಶವ್ಯಾಪಿಯಾಗಿ ಹೊರಟಾಗ ಮೊದಲ ಮುಖಪುಟದಲ್ಲಿ ನಟಿ ಲೂಸಿಲ್ ಬಾಲ್ ಇದ್ದದ್ದು ಮೂಲೆಯಲ್ಲಿ ಚಿಕ್ಕದಾಗಿ. ನಡುವೆ ಆಕೆಯ ಹಸುಗೂಸು. ದಿನಸಿ ಅಂಗಡಿಯ ಸಾಲಿನಲ್ಲಿ ನಿಂತ ಹೆಂಗಸು ನಟಿಯನ್ನು ದಾಟಿ ಹೋದಾಳು, ಕೂಸನ್ನು ದಾಟಿ ಹೋಗುವುದು ಹೇಗೆ? 1989ರಲ್ಲಿ ಅದೇ ಪತ್ರಿಕೆ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ಅವರ ತಲೆಯನ್ನು ಆನ್ ಮಾರ್ಗ್ರೆಟ್ ಎಂಬ ನಟಿಯ ಮೈಗೆ ಅಂಟಿಸಿ ಛಾಪಿಸಿ ಸಿಕ್ಕಿಬಿದ್ದಿತು. ಗಣೇಶನ ನಾಡಿನವರಾದ ನಮಗೆ ಇದರಲ್ಲಿ ಹೊಸತೇನೂ ಇಲ್ಲ, ಆದರೆ ನಾವು ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. 2008ರಲ್ಲಿ ಆ ಪತ್ರಿಕೆಯನ್ನು ಇಡಿಯಾಗಿ ಮಾರಿದ್ದು ಒಂದು ಡಾಲರಿಗೆ. ಅಂಗಡಿಯಲ್ಲಿ ಅದರ ಒಂದು ಸಂಚಿಕೆಗೇ ಅದಕ್ಕಿಂತ ಹೆಚ್ಚು ಬೆಲೆಯಿತ್ತು.

ಈಗ ಮುಖಪುಟವೇ ಬೇಡವಾಗಿದೆ. ಮಗನ ಮನೆಯ ಟಿವಿ ಹಚ್ಚಿದರೆ ಸಿನಿಮಾಗಳ ಪುಟ್ಟ ಪುಟ್ಟ ಚಿತ್ರಗಳು ಸಾಲುಗಟ್ಟುತ್ತವೆ, ಅದೂ ನೋಡುವವರ ಮುಖ ನೋಡಿ. ಒಂದೇ ಸಿನಿಮಾಕ್ಕೆ ಮಗನ ಖಾತೆಯಲ್ಲಿ ಕಾರು ಹಾರಿಸುವ ನಾಯಕ, ನನ್ನ ಹೆಂಡತಿಯ ಖಾತೆಯಲ್ಲಿ ಕಣ್ಣೀರು ತುಂಬಿದ ನಾಯಕಿ. ನನ್ನ ಖಾತೆಯಲ್ಲಿ ಕಂಡದ್ದು ಆರಾಮ ಕುರ್ಚಿಯಲ್ಲಿ ಕೂತ ಒಬ್ಬ ಮುದುಕ. ಎರಡೂಕಾಲು ಗಂಟೆ ನೋಡಿದೆ. ಆ ಮುದುಕ ಬರುವುದು ಎರಡೇ ಸಲ, ಎರಡನೆಯ ಸಲ ಹೆಣವಾಗಿ. ಅಂಗಡಿಯ ಕಟಕಟೆ ನನಗೆ ಇಷ್ಟು ಅವಮಾನ ಮಾಡಿರಲಿಲ್ಲ. ಅಲ್ಲಿ ಸಾಲಿನಲ್ಲಿ ನಿಂತ ಎಲ್ಲರಿಗೂ ಒಬ್ಬನೇ ಸಾಂಟಾ. ನಾನು ಯಾರೆಂದು ಒಂದು ಯಂತ್ರ ನನಗೇ ಹೇಳುವುದನ್ನು ಸಹಿಸುವಷ್ಟು ನಾನಿನ್ನೂ ಮುದುಕನಾಗಿಲ್ಲ.

ಹೊಸ ಪ್ರತಿ ತಂದೆ. ಮನೆಗೆ ಬಂದ ಮೇಲೆ ಹೊಳೆಯಿತು: ಇದರಲ್ಲಿ ಸುತ್ತುಗಳಿಲ್ಲ. ರಾತ್ರಿ ಹನ್ನೊಂದೂವರೆಯವರೆಗೆ ಕೆಂಪು ಪೆನ್ನು ಹಿಡಿದು, ಹಳೆಯದರ ಪುಟ ನೋಡಿ ಹೊಸದರಲ್ಲಿ ಸುತ್ತು ಹಾಕುತ್ತ ಕೂತೆ. ಹಳೆಯ ಸಿನಿಮಾಗಳು, ಚರ್ಚಿನ ಹಾಡುಗಳು, ಒಂದೆರಡು ಕೊಲೆಗಳು. ಅವರ ಸುತ್ತುಗಳು ಮೊಟ್ಟೆಯ ಆಕಾರದವು. ನನ್ನವು ಸೊನ್ನೆಯಂತೆ ಬಂದವು, ಗಣಿತದ ಮೇಷ್ಟರು ಹಾಕುತ್ತಿದ್ದಂತೆ.

ಬೆಳಿಗ್ಗೆ ಕೊಡಲು ಹೋದೆ. ನಡೆದದ್ದನ್ನೆಲ್ಲ ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುವಿದರು. ಒಂದು ಕಡೆ ಬೆರಳು ನಿಂತಿತು. “ಇದು ನಾನು ಹಾಕಿದ್ದಲ್ಲ.”

ಭಾರತದ ರೈಲುಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ. ಅಷ್ಟು ಸುತ್ತು ಹಾಕಿದ ಕೂಲಿಗೆ ಒಂದು ನನಗಿರಲಿ ಎಂದುಕೊಂಡಿದ್ದೆ.

“ಸರಿ, ನೋಡೋಣ” ಎಂದರು. ನನಗೂ ತಮಗೂ ಚಹಾ ತಂದರು. ಹೊಸ ಸಂಚಿಕೆಯನ್ನು ಮುಚ್ಚಿ ಮೇಜಿನ ಮೇಲೆ ನೇರ ಮಾಡಿಟ್ಟು, ಹೊಗೆಯಾಡುವ ಮಗ್ಗನ್ನು ಸಾಂಟಾನ ಹೊಟ್ಟೆಯ ಮೇಲೆ ಇಟ್ಟರು.