ಡ್ರೈವರ್‌ಗಳ ಗ್ರೂಪನ್ನು ಮ್ಯೂಟ್ ಮಾಡಬೇಡಿ

ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಲಾರಿ ಆಫೀಸು. ಇಲ್ಲಿಂದ ಅಡಿಕೆ ಹೋಗುತ್ತದೆ, ಮಂಗಳೂರು ಕಡೆಯಿಂದ ಗೊಬ್ಬರ ಬರುತ್ತದೆ. ಡ್ರೈವರ್‌ಗಳ ಮೂರು ವಾಟ್ಸಾಪ್ ಗ್ರೂಪಿನಲ್ಲಿ ನಾನಿದ್ದೇನೆ. ಮೊದಲು ಮ್ಯೂಟ್ ಮಾಡಿಟ್ಟಿದ್ದೆ. ಎರಡು ಮಳೆಗಾಲದಿಂದ ರಾತ್ರಿ ಊಟ ಆದಮೇಲೆ ಕೂತು ಎಲ್ಲ ವಾಯ್ಸ್ ಮೆಸೇಜ್ ಕೇಳುತ್ತೇನೆ. ಯಾವ ಜಾಗ, ಎಷ್ಟು ಹೊತ್ತು, ಯಾಕೆ ನಿಂತರು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.

ನಮ್ಮ ಕಡೆ ಸಾಗಣೆ ತಡ ಅಂದರೆ ಎಲ್ಲರೂ ಘಾಟಿ ಕಡೆ ಕೈ ತೋರಿಸುತ್ತೇವೆ, ಅಲ್ವಾ? ಅದು ಸುಳ್ಳಲ್ಲ. ಮಳೆ ಜಾಸ್ತಿಯಾದರೆ ಆಗುಂಬೆಯ 14 ತಿರುವು ಲಾರಿಗಳಿಗೆ ಬಂದ್. ಮಾಸ್ತಿಕಟ್ಟೆ, ಹುಲಿಕಲ್ ಮೇಲೆ ಬರಬೇಕು. ಅಲ್ಲೂ ಮರ ಬಿದ್ದರೆ ಮುಗಿಯಿತು. ಆದರೆ ನೋಟ್‌ಬುಕ್ ತಿರುವಿ ನೋಡಿದಾಗ ಜಾಸ್ತಿ ಸಲ ಇದ್ದದ್ದು ಬೇರೆ ಮಾತು. "ಗೋಡೌನ್ ಮುಂದೆ ನಿಂತು ಎರಡು ದಿನ ಆಯ್ತಣ್ಣ. ಹಮಾಲರಿಲ್ಲ ಅಂತಾರೆ. ಹಾಲ್ಟಿಂಗ್ ಕೇಳಿದ್ರೆ ಬೈತಾರೆ." ಹಾಲ್ಟಿಂಗ್ ಅಂದರೆ ಲಾರಿ ಕಾದು ನಿಂತದ್ದಕ್ಕೆ ಕೊಡಬೇಕಾದ ಹಣ. ಘಾಟಿ ದಾಟಲು ಅರ್ಧ ದಿನ, ಅನ್‌ಲೋಡಿಗೆ ಎರಡು ದಿನ! ಇದು ಕಾಯುವವನಿಗೆ ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ.

ಇ-ವೇ ಬಿಲ್, ಅಂದರೆ ಸರಕು ಸಾಗಿಸುವಾಗ ಬೇಕಾದ ಜಿಎಸ್‌ಟಿಯ ಆನ್‌ಲೈನ್ ಚೀಟಿ, ಅದರ ಕಥೆಯೂ ಗ್ರೂಪಿನಿಂದಲೇ ಗೊತ್ತಾಯಿತು. 2021ರಿಂದ 200 ಕಿ.ಮೀ.ಗೆ ಒಂದು ದಿನದ ಅವಧಿ. ಮಂಗಳೂರಿನಿಂದ ಇಲ್ಲಿಗೆ ಸಿಗುವುದು ಆ ಒಂದೇ ದಿನ. ಮರುದಿನ ನಡುರಾತ್ರಿಗೆ ಬಿಲ್ ಮುಗಿಯುತ್ತದೆ. ರಸ್ತೆ ಬಂದ್ ಆಗಿ ಲಾರಿ ನಿಂತರೂ ಬಿಲ್ ನಿಲ್ಲುವುದಿಲ್ಲ. ಮುಗಿಯುವ 8 ಗಂಟೆ ಮೊದಲಿನಿಂದ, ಮುಗಿದ 8 ಗಂಟೆಯೊಳಗೆ ಅವಧಿ ವಿಸ್ತರಿಸಬಹುದು. ಅದನ್ನು ಟ್ರಾನ್ಸ್‌ಪೋರ್ಟ್‌ನವರು ಮಾಡಬೇಕು, ಅಂದರೆ ನಾನು. ಡ್ರೈವರ್ ಕಾಡಿನ ನಡುವೆ, ನೆಟ್‌ವರ್ಕ್ ಇಲ್ಲ. ನಾನು ಮನೆಯಲ್ಲಿ ನಿದ್ದೆ. ಬೆಳಿಗ್ಗೆ ತಪಾಸಣೆಯಲ್ಲಿ ಸಿಕ್ಕಿಬೀಳುವವನು ಅವನು. ಒಂದು ಸಲ ಹೀಗೆ ಆಗಿ, ಆ ಹುಡುಗನ ಮುಖ ನೋಡಲು ನನಗೆ ಆಗಲಿಲ್ಲ.

ಹಾಗಂತ ಗ್ರೂಪಿಗೆ ಬಂದದ್ದೆಲ್ಲ ನಂಬಬೇಡಿ. ಹಳೇ ಗುಡ್ಡ ಕುಸಿತದ ವಿಡಿಯೋ ಪ್ರತಿ ಜುಲೈನಲ್ಲಿ ಹೊಸದಾಗಿ ಓಡಾಡುತ್ತದೆ. ಅದನ್ನು ನೋಡಿ ನಮ್ಮ ಒಬ್ಬ ಡ್ರೈವರ್ ಸುಮ್ನೆ ಶಿರಾಡಿ ಸುತ್ತಿ ಬಂದ. ಡೀಸೆಲ್ ಎಲ್ಲ ದಂಡ. ಈಗ ನಾನು ಮೊದಲು ಕೇಳುವುದು "ನೀನೇ ತೆಗೆದದ್ದಾ? ಎಷ್ಟು ಹೊತ್ತಿಗೆ?" ಅಂತ. ಇನ್ನೊಂದು, ಘಾಟಿಯಲ್ಲಿ ಸಿಕ್ಕಿಕೊಂಡವನ ಮೆಸೇಜ್ ಅವನು ಸಿಗ್ನಲ್ ಇರುವ ಕಡೆ ಬಂದಮೇಲೆ ಬರುತ್ತದೆ. ಸಂಜೆ ಗ್ರೂಪು ತೀರಾ ಸುಮ್ಮನಿದ್ದರೆ ನನಗೆ ಭಯ. ಒಬ್ಬೊಬ್ಬರಿಗೇ ಫೋನ್ ಹಚ್ಚುತ್ತೇನೆ.

ಈ ಜೂನ್‌ನಿಂದ ನಮ್ಮ ಎಲ್‌ಆರ್ (ಸರಕಿಗೆ ನಾವು ಕೊಡುವ ಲಾರಿ ರಸೀದಿ) ಮೇಲೆ ಲಾರಿ ಗೋಡೌನ್ ಮುಟ್ಟಿದ ಹೊತ್ತು, ಅನ್‌ಲೋಡ್ ಮುಗಿದ ಹೊತ್ತು ಎರಡನ್ನೂ ಬರೆಸಿ ಪಾರ್ಟಿಯ, ಅಂದರೆ ಗಿರಾಕಿಯ, ಸಹಿ ತೆಗೆದುಕೊಳ್ಳುತ್ತಿದ್ದೇವೆ. ಒಂದು ಪಾರ್ಟಿಯವರು ಸಿಟ್ಟಾಗಿ ಬೇರೆ ಆಫೀಸಿಗೆ ಹೋದರು. ಹೋಗಲಿ. ಹಮಾಲರು ಮಾತ್ರ ಈ ಯಾವ ಗ್ರೂಪಿನಲ್ಲೂ ಇಲ್ಲ. ಅವರು ಯಾಕೆ ಸಿಗುವುದಿಲ್ಲ ಅಂತ ಅವರನ್ನೇ ಕೇಳಬೇಕು. ಬರುವ ವಾರ ಗೋಡೌನ್ ಹತ್ತಿರ ಹೋಗಿ ಕೂರುತ್ತೇನೆ.