ಎಸೆಯುವುದಕ್ಕೂ ತೊಳೆಯಲೇಬೇಕಾದ ಫ್ರಿಜ್

ಎಂಟು ದಿನಗಳಿಂದ ನಮ್ಮ ಮನೆಯಲ್ಲಿ ಒಂದೇ ಚರ್ಚೆ ನಡೆಯುತ್ತಿದೆ: ಅಡುಗೆಮನೆಯ ಮೂಲೆಯಲ್ಲಿ ನಾರುತ್ತ ನಿಂತಿರುವ ಫ್ರಿಜ್ಜನ್ನು ತೊಳೆದು ಉಳಿಸಿಕೊಳ್ಳುವುದೋ, ಎಸೆದು ಹೊಸದನ್ನು ತರುವುದೋ ಎಂಬುದು. ಈ ಚರ್ಚೆಯಲ್ಲಿ ನನ್ನ ಯಜಮಾನರು, ಅತ್ತೆಯವರು, ಬೆಂಗಳೂರಿನಿಂದ ಫೋನಿನ ಮೂಲಕ ಮೈದುನ, ಪಕ್ಕದ ಮನೆಯವರು, ಒಬ್ಬ ಮೆಕ್ಯಾನಿಕ್ ಎಲ್ಲರೂ ಪಾಲ್ಗೊಂಡಿದ್ದಾರೆ. ಆದರೆ ಅದರ ಬಾಗಿಲು ತೆರೆದು ಒಳಗೆ ಕೈ ಹಾಕಿದವಳು ಮಾತ್ರ ನಾನೊಬ್ಬಳೇ.

ಮಗಳ ಪಿಯುಸಿ ಓದಿಗಾಗಿ ಎರಡು ವರ್ಷ ನಾವು ಹಾಸನದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆವು. ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿರುವ ಸ್ವಂತ ಮನೆ ಖಾಲಿ ಬೀಳುವುದು ಬೇಡವೆಂದು ಮೈದುನನಿಗೂ ಅವನ ಇಬ್ಬರು ಸ್ನೇಹಿತರಿಗೂ ಬಿಟ್ಟುಕೊಟ್ಟಿದ್ದೆವು. ಬೇಲೂರಿನ ಮಾರ್ಗವಾಗಿ ಬಂದರೆ ಎರಡು ಗಂಟೆಯ ದಾರಿಯಾದರೂ ಆ ಎರಡು ವರ್ಷಗಳಲ್ಲಿ ನಾನು ಬಂದದ್ದು ನಾಲ್ಕೈದು ಸಲ ಇರಬಹುದು. ಬಂದಾಗಲೂ ಹಜಾರದಲ್ಲಿ ಕುಳಿತು ಕಾಫಿ ಕುಡಿದು ಎದ್ದು ಹೋದೆನೇ ಹೊರತು ಅಡುಗೆಮನೆಗೆ ಕಾಲಿಡಲಿಲ್ಲ; ಅದು ನನ್ನ ತಪ್ಪೆಂದು ಒಪ್ಪಿಕೊಳ್ಳುತ್ತೇನೆ. ಮೇ ತಿಂಗಳ ಕೊನೆಗೆ ಮೂವರಿಗೂ ಬೆಂಗಳೂರಿನಲ್ಲಿ ಕೆಲಸವಾಗಿ ಒಂದೇ ದಿನ ಗಂಟುಮೂಟೆ ಕಟ್ಟಿದರು. ಹೊರಡುವ ಮುನ್ನ ಮೈದುನ ಫೋನ್ ಮಾಡಿ, "ಅತ್ತಿಗೆ, ಮೈನ್ ಆಫ್ ಮಾಡಿದೀನಿ, ಸಿಲಿಂಡರ್ ಬಂದ್ ಮಾಡಿದೀನಿ, ನೀವೇನೂ ಯೋಚನೆ ಮಾಡ್ಬೇಡಿ" ಎಂದ. ನಾನೂ ಅವನ ಜವಾಬ್ದಾರಿಗೆ ಮೆಚ್ಚಿ ಯೋಚನೆ ಮಾಡಲಿಲ್ಲ. ಮೈನ್ ಸ್ವಿಚ್ ಆರಿಸಿದವನು ಫ್ರಿಜ್ಜನ್ನು ಖಾಲಿ ಮಾಡಿದ್ದಾನೆಯೇ ಎಂದು ಕೇಳಬೇಕೆಂಬುದು ನನಗಾದರೂ ಹೊಳೆಯಬೇಕಿತ್ತು.

ನನ್ನ ವರ್ಗಾವಣೆಯ ಆದೇಶ ಕೈಸೇರಿ ನಾವು ಊರಿಗೆ ಮರಳಿದ್ದು ಜುಲೈ ಎರಡನೆಯ ವಾರದಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಗೋಡೆಗೆ ತೂಗುಹಾಕಿದ ಬೆಲ್ಟಿಗೆ, ಮೂಲೆಯಲ್ಲಿಟ್ಟ ಚಪ್ಪಲಿಗೆ ಸಹ ವಾರದೊಳಗೆ ಬೂಷ್ಟು ಹಿಡಿಯುತ್ತದೆ ಎನ್ನುವುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಾಗಿರುವಾಗ ಕರೆಂಟಿಲ್ಲದೆ, ಬಾಗಿಲು ಭದ್ರವಾಗಿ ಮುಚ್ಚಿಕೊಂಡು, ತುಂಬಿದ ಹೊಟ್ಟೆಯಲ್ಲಿ ನಲವತ್ತೈದು ದಿನ ನಿಂತಿದ್ದ ಪೆಟ್ಟಿಗೆಯ ಒಳಗೆ ಏನಾಗಿರಬಹುದೆಂದು ಯಾರಾದರೂ ಊಹಿಸಬಹುದು. ನಾನು ಊಹಿಸದೆ ಬಾಗಿಲೆಳೆದೆ.

ಕೆಳಗಿನ ತರಕಾರಿ ಡಬ್ಬಿಯಲ್ಲಿದ್ದದ್ದು ಒಂದು ಕಾಲದಲ್ಲಿ ಕೊತ್ತಂಬರಿ ಸೊಪ್ಪಾಗಿತ್ತು ಎಂದು ಅದಕ್ಕೆ ಸುತ್ತಿದ್ದ ರಬ್ಬರ್ ಬ್ಯಾಂಡಿನಿಂದ ತಿಳಿಯಿತು. ಸ್ಟೀಲ್ ಲೋಟದ ಮೊಸರಿನ ಮೇಲೆ ಬೂದು ಬಣ್ಣದ ತುಪ್ಪಳ ಬೆಳೆದು ಲೋಟದ ಅಂಚನ್ನು ದಾಟಿ ಹೊರಕ್ಕೆ ಬಗ್ಗಿತ್ತು. ಬಾಗಿಲಿನ ಸುತ್ತಲಿನ ರಬ್ಬರಿನ, ಅಂದರೆ ಗ್ಯಾಸ್ಕೆಟ್ಟಿನ, ಮಡಿಕೆ ಮಡಿಕೆಯಲ್ಲೂ ಕಾಡಿಗೆ ತೀಡಿದಂತೆ ಕಪ್ಪು ಕೂತಿತ್ತು. ಇಷ್ಟನ್ನೂ ಸಹಿಸಬಹುದಿತ್ತೇನೋ; ಫ್ರೀಜರಿನಲ್ಲಿ ಎರಡು ಕೆಜಿ ಭೂತಾಯಿ ಮೀನಿತ್ತು. ಜೂನ್ 1ರಿಂದ ಎರಡು ತಿಂಗಳು ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧವಿರುತ್ತದೆ; ಅದಕ್ಕೆ ಮುಂಚೆಯೇ ಚಾರ್ಮಾಡಿ ಘಾಟಿ ಹತ್ತಿ ಬಂದ ಮೀನನ್ನು ಕೊಂಡು ಕೂಡಿಡುವ ದೂರಾಲೋಚನೆ ನನ್ನ ಮೈದುನನಿಗಿತ್ತು. ಊರು ಬಿಡುವಾಗ ಅದನ್ನು ತೆಗೆದು ಯಾರಿಗಾದರೂ ಕೊಡಬೇಕೆಂಬ ಆಲೋಚನೆ ಮಾತ್ರ ಹತ್ತಿರವೂ ಸುಳಿಯಲಿಲ್ಲ. ಆ ಪ್ಲಾಸ್ಟಿಕ್ ಚೀಲದಿಂದ ಸೋರಿದ್ದು ಫ್ರೀಜರಿನ ನೆಲವನ್ನು ತುಂಬಿ, ಗಾಳಿ ಬರುವ ಸಂದುಗಳಿಗೆ ಇಳಿದು, ಕೆಳಗಿನ ಖಾನೆಯ ಹಿಂಗೋಡೆಯ ಮೇಲೆ ಕಂದು ಗೆರೆಯಾಗಿ ಒಣಗಿತ್ತು. ನಾನು ಹಿತ್ತಲಿಗೆ ಓಡಿಹೋಗಿ ಮಳೆಯಲ್ಲೇ ಹತ್ತು ನಿಮಿಷ ನಿಂತೆ.

ಆಮೇಲೆ ಶುರುವಾಯಿತು ಸಲಹೆಗಳ ಸುರಿಮಳೆ. ಯಜಮಾನರು ಬಾಗಿಲ ಹೊರಗಿನಿಂದಲೇ ಮೂಗು ಮುಚ್ಚಿಕೊಂಡು, "ಇದನ್ನ ಎಸೆದುಬಿಡೋಣ, ಹದಿಮೂರು ವರ್ಷ ಆಯ್ತಲ್ಲ, ಇನ್ನೆಷ್ಟು ದಿನ ಬಾಳುತ್ತೆ" ಎಂದರು. ಅತ್ತೆಯವರಿಗೆ ಈ ಮಾತು ಹಿಡಿಸಲಿಲ್ಲ. 2012ರ ಯುಗಾದಿಗೆ ಮಾವನವರು ಕಾಫಿ ಮಾರಿದ ದುಡ್ಡಿನಲ್ಲಿ ತಂದ ಫ್ರಿಜ್ ಅದು, "ಈಗಿನವೆಲ್ಲ ತಗಡು ಕಣಮ್ಮ, ಇಂಥ ಗಟ್ಟಿ ಮಾಲು ಈಗೆಲ್ಲಿ ಸಿಗುತ್ತೆ? ತೊಳೆದ್ರೆ ಹೊಸದಾಗುತ್ತೆ" ಎಂದರು. ತೊಳೆಯುವವರು ಯಾರೆಂದು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಯಾರಿಗೂ ಕಾಣಲಿಲ್ಲ. ಮೈದುನನಿಗೆ ಫೋನ್ ಮಾಡಿದರೆ, "ನಾನು ಫ್ರಿಜ್ ಉಪಯೋಗಿಸ್ತಿದ್ದದ್ದೇ ಕಮ್ಮಿ ಅತ್ತಿಗೆ, ಹುಡುಗರು ಇಟ್ಟಿರ್ಬೇಕು" ಎಂಬ ಉತ್ತರ ಬಂತು. ಹುಡುಗರಿಬ್ಬರೂ ಮೀನು ತಿನ್ನದವರು ಎಂಬುದು ನನಗೆ ಚೆನ್ನಾಗಿ ಗೊತ್ತು.

ಮೆಕ್ಯಾನಿಕ್ಕಿನ ಕಥೆ ಬೇರೆ. ಆತ ಬಂದು, ಫ್ರಿಜ್ಜಿನ ಪ್ಲಗ್ಗನ್ನು ಸಹ ಹಾಕಿ ನೋಡದೆ, ಎರಡಡಿ ದೂರದಲ್ಲಿ ನಿಂತು "ಗ್ಯಾಸ್ ಖಾಲಿಯಾಗಿದೆ ಮೇಡಂ, ತುಂಬಿಸೋಕೆ ಮೂರು ಸಾವಿರ ಆಗುತ್ತೆ" ಎಂದ. ಫ್ರಿಜ್ಜಿನ ಗ್ಯಾಸ್ ಎಂಬುದು ಅಡುಗೆ ಸಿಲಿಂಡರಿನಂತೆ ಉರಿದು ಮುಗಿಯುವ ವಸ್ತುವಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದು ವರ್ಷಗಟ್ಟಲೆ ಅಷ್ಟಷ್ಟೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ, ಆ ಸೋರಿಕೆಯನ್ನು ಹುಡುಕಿ ಮುಚ್ಚದೆ ತುಂಬಿಸಿದ ಗ್ಯಾಸ್ ಮತ್ತೆ ಅದೇ ದಾರಿ ಹಿಡಿಯುತ್ತದೆ. ಇಷ್ಟನ್ನು ಹೇಳಿದ್ದಕ್ಕೆ ಆತ, "ಹಾಗಾದ್ರೆ ನೀವೇ ನೋಡ್ಕೊಳ್ಳಿ" ಎಂದು ಬಂದು ಹೋದ ಖರ್ಚಿಗೆ ಮುನ್ನೂರು ರೂಪಾಯಿ ಇಸಿದುಕೊಂಡು ಹೊರಟ.

ಇರಲಿ, ಹೊಸದನ್ನೇ ತರೋಣವೆಂದು ನಾನೂ ಒಮ್ಮೆ ಮನಸ್ಸು ಮಾಡಿದೆ. ಎಂ.ಜಿ. ರಸ್ತೆಯ ಒಂದು ಅಂಗಡಿಯಲ್ಲಿ ಇದೇ ಅಳತೆಯ ಎರಡು ಬಾಗಿಲಿನ ಫ್ರಿಜ್ಜಿಗೆ ಇಪ್ಪತ್ತಾರು ಸಾವಿರ ಹೇಳಿದರು. ಕರೆಂಟಿನ ಉಳಿತಾಯದಲ್ಲೇ ಆ ದುಡ್ಡು ವಾಪಸ್ ಬರುತ್ತದೆ ಎಂದು ಅಲ್ಲಿಯ ಹುಡುಗ ವಾದಿಸಿದ. ನಮ್ಮದರಂತೆ ಒಳಗೆ ಮಂಜುಗಡ್ಡೆ ಕಟ್ಟದ ಫ್ರಾಸ್ಟ್ ಫ್ರೀ ಫ್ರಿಜ್ಜುಗಳಿಗೆ, ಎಷ್ಟು ಕರೆಂಟ್ ಉಳಿಸುತ್ತವೆಂದು ತೋರಿಸುವ ನಕ್ಷತ್ರದ ಚೀಟಿ ಕಡ್ಡಾಯವಾದದ್ದು 2010ರಲ್ಲಿ. ಅಲ್ಲಿಂದೀಚೆಗೆ ಮಾನದಂಡ ಬಿಗಿಯಾಗುತ್ತಲೇ ಬಂದಿರುವುದರಿಂದ ನಮ್ಮ ಹಳೆಯದರ ನಾಲ್ಕು ನಕ್ಷತ್ರ ಈಗಿನ ಲೆಕ್ಕದಲ್ಲಿ ನಾಲ್ಕಾಗಿ ಉಳಿಯುವುದಿಲ್ಲ, ಅದು ನಿಜ. ಆದರೆ ನಮ್ಮ ಮನೆಗೆ 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ ಹತ್ತು ಯೂನಿಟ್ ಉಳಿದರೂ ಸೊನ್ನೆಯ ಬಿಲ್ಲು ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಬಳಕೆ 200 ಯೂನಿಟ್ ದಾಟಿ ಇಡೀ ಬಿಲ್ಲು ಕಟ್ಟಬೇಕಾಗಿ ಬರುವ ಮನೆಗಳಿಗೆ ಆತನ ಮಾತು ಒಪ್ಪುತ್ತದೆ. ನೂರಿಪ್ಪತ್ತರ ಆಚೆ ಹೋಗದ ನಮಗೆ ಒಪ್ಪುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಹಳೆಯದಕ್ಕೆ ಎಕ್ಸ್‌ಚೇಂಜಿನಲ್ಲಿ ಎಷ್ಟು ಕೊಡುತ್ತೀರಿ ಎಂದು ಕೇಳಿದೆ. ನನ್ನ ಸಿಟ್ಟು ನೆತ್ತಿಗೇರಿದ್ದು ಅಲ್ಲಿಯೇ. "ಓಡ್ತಾ ಇದ್ರೆ ಎರಡು ಸಾವಿರ ಮೇಡಂ, ಆದ್ರೆ ಒಳಗೆ ಕ್ಲೀನ್ ಇರ್ಬೇಕು, ವಾಸನೆ ಇದ್ರೆ ನಮ್ಮ ಗಾಡಿಯವರು ಹತ್ತಿಸಲ್ಲ" ಎಂದ. ಮನೆಗೆ ಬಂದು ಗುಜರಿಯವನನ್ನು ಕರೆದರೆ, ಆತನೂ ಬಾಗಿಲು ತೆರೆದ ಕೂಡಲೇ ಹಿಂದೆ ಸರಿದು, "ತೊಳೆದಿಡಿ ಅಕ್ಕ, ನಾಳಿದ್ದು ಬರ್ತೀನಿ" ಎಂದ. ಗುಜರಿಗೆ ಹಾಕುವುದು ಸರಿಯಾದ ದಾರಿಯೂ ಅಲ್ಲ, ಅವರು ತಾಮ್ರಕ್ಕಾಗಿ ಕೊಳವೆ ಕತ್ತರಿಸಿ ಗ್ಯಾಸನ್ನು ಗಾಳಿಗೆ ಬಿಡುತ್ತಾರೆ. ಫ್ರಿಜ್ಜೆಂಬುದು ಇ-ತ್ಯಾಜ್ಯ, ಅದಕ್ಕೆ 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ನಿಯಮಗಳೇ ಇವೆ. ಅದು ಒತ್ತಟ್ಟಿಗಿರಲಿ. ಎಂಟು ದಿನಗಳಿಂದ ಮನೆಮಂದಿಯೆಲ್ಲ ಸೇರಿ ತೊಳೆಯುವುದೋ ಎಸೆಯುವುದೋ ಎಂದು ತಲೆ ಕೆಡಿಸಿಕೊಂಡ ಪ್ರಶ್ನೆ ಪ್ರಶ್ನೆಯೇ ಆಗಿರಲಿಲ್ಲ. ಇಟ್ಟುಕೊಳ್ಳುವುದಾದರೂ ತೊಳೆಯಬೇಕು, ಕೊಟ್ಟುಬಿಡುವುದಾದರೂ ತೊಳೆಯಬೇಕು, ಕೊನೆಗೆ ಗುಜರಿಗೆ ಹಾಕುವುದಾದರೂ ತೊಳೆಯಬೇಕು.

ಭಾನುವಾರ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದೆ. ಯಜಮಾನರು ಸಹಾಯ ಮಾಡಿದರು ಎನ್ನಬೇಕು: ಅಂಗಡಿಗೆ ಹೋಗಿ ಒಂದು ಕೈಯಲ್ಲಿ ಬ್ಲೀಚಿಂಗ್ ಪೌಡರ್, ಇನ್ನೊಂದು ಕೈಯಲ್ಲಿ ಕಕ್ಕಸು ತೊಳೆಯುವ ಆಸಿಡ್ ತಂದು, "ಎರಡನ್ನೂ ಸೇರಿಸಿ ಹಾಕು, ಬೇಗ ಹೋಗುತ್ತೆ" ಎಂದರು. ಅವೆರಡು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಬೇಗ ಹೋಗುವುದು ವಾಸನೆಯಲ್ಲ, ನನ್ನ ಪ್ರಾಣ. ಎರಡನ್ನೂ ಹೊರಗಿಡಿಸಿದೆ. ಖಾನೆ, ಡಬ್ಬಿ, ಗಾಜಿನ ತಟ್ಟೆಗಳನ್ನೆಲ್ಲ ಬಚ್ಚಲಿಗೆ ಒಯ್ದು ಸೋಪಿನ ಬಿಸಿನೀರಿನಲ್ಲಿ ನೆನೆಹಾಕಿದೆ. ಒಳಗೋಡೆಯನ್ನು ಮೊದಲು ಪಾತ್ರೆ ಸೋಪಿನಿಂದ, ಆಮೇಲೆ ಅಡುಗೆ ಸೋಡಾ ಕದಡಿದ ನೀರಿನಿಂದ ಮೂರು ಸಲ ಒರೆಸಿದೆ. ಗ್ಯಾಸ್ಕೆಟ್ಟಿನ ಮಡಿಕೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಗತಿ. ಒಂದು ಬದಿಗೇ ಮುಕ್ಕಾಲು ಗಂಟೆ ಹಿಡಿಯಿತು. ಕೆಳಖಾನೆಯ ಹಿಂಗೋಡೆಯ ಬುಡದಲ್ಲಿ ನೀರು ಇಳಿಯುವ ಬೆರಳಗಲದ ರಂಧ್ರವೊಂದಿದೆ. ಅದರೊಳಗಿಂದ ಕೊತ್ತಂಬರಿ ದಂಟು, ಅಂಟಿಕೊಂಡ ಸಿಪ್ಪೆ, ಒಂದು ಜಿರಳೆಯ ರೆಕ್ಕೆ ಇಷ್ಟನ್ನು ಕಡ್ಡಿ ಹಾಕಿ ಎಳೆದೆ. ಒಳಗಿನ ಪ್ಲಾಸ್ಟಿಕ್ ಎಲ್ಲಿಯೂ ಬಿರುಕು ಬಿಟ್ಟಿರಲಿಲ್ಲ ಎಂಬುದೊಂದೇ ಸಮಾಧಾನ. ಬಿರುಕಿದ್ದಿದ್ದರೆ ಮೀನಿನ ನೀರು ಹಿಂದಿನ ಫೋಮಿಗೆ ಇಳಿದಿರುತ್ತಿತ್ತು, ಫೋಮ್ ಕುಡಿದ ನಾತವನ್ನು ಯಾವ ಸೋಡಾವೂ ಹೊರತೆಗೆಯಲಾರದು, ಆಗ ನಾನೇ ಮೊದಲು ಎಸೆಯಿರಿ ಎನ್ನುತ್ತಿದ್ದೆ.

ಒಂದು ದಿನ ಬಾಗಿಲು ತೆರೆದಿಟ್ಟು ಒಣಗಿಸಿ, ಪ್ಲಗ್ ಹಾಕಿ, ಒಂದು ಲೋಟ ನೀರಿನಲ್ಲಿ ಶಾಲೆಯ ಪ್ರಯೋಗಾಲಯದ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ 4 ಡಿಗ್ರಿ. ಆಹಾರ ಕೆಡದಿರಲು ಐದರ ಒಳಗಿದ್ದರೆ ಸಾಕು. ಗ್ಯಾಸ್ ಖಾಲಿಯಾದ ಫ್ರಿಜ್ ಇದು. ಬಾಗಿಲಿನ ಸಂದಿಗೆ ಹತ್ತು ರೂಪಾಯಿಯ ನೋಟು ಸಿಕ್ಕಿಸಿ ಎಳೆದಾಗ ಮೇಲ್ಮೂಲೆಯಲ್ಲಿ ಮಾತ್ರ ಸಲೀಸಾಗಿ ಈಚೆ ಬಂತು, ಹಾಗಾಗಿ ಹೊಸ ಗ್ಯಾಸ್ಕೆಟ್ ಹಾಕಿಸಬೇಕು. ಫ್ರೀಜರಿನ ಒಳತಗಡು ಬಿಚ್ಚಿಸಿ ಗಾಳಿಯ ದಾರಿಯನ್ನು ತೊಳೆಸುವುದೂ ಬಾಕಿಯಿದೆ, ಏಕೆಂದರೆ ಫ್ಯಾನ್ ತಿರುಗಿದಾಗಲೆಲ್ಲ ಭೂತಾಯಿಯ ನೆನಪು ಈಗಲೂ ತೆಳ್ಳಗೆ ಬೀಸುತ್ತದೆ. ಬೇರೊಬ್ಬ ಮೆಕ್ಯಾನಿಕ್ ಗುರುವಾರ ಬರುತ್ತೇನೆಂದಿದ್ದಾನೆ, ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯುತ್ತದಂತೆ.

ಈಗ ಮನೆಗೆ ಬಂದವರಿಗೆಲ್ಲ ಯಜಮಾನರು ಬಾಗಿಲು ತೆರೆದು ತೋರಿಸಿ, "ಎಸೆಯೋಣ ಅಂದ್ಕೊಂಡಿದ್ವಿ, ಆಮೇಲೆ ನಾವೇ ಕೂತು ಕ್ಲೀನ್ ಮಾಡಿದ್ವಿ" ಎನ್ನುತ್ತಿದ್ದಾರೆ. ಅತ್ತೆಯವರು "ನಾನು ಹೇಳ್ಲಿಲ್ವಾ" ಎನ್ನುತ್ತಾರೆ. ನಿನ್ನೆ ರಾತ್ರಿ ಮೈದುನ ಫೋನ್ ಮಾಡಿ, ಹೊಸ ಫ್ರಿಜ್ ತರುವ ಯೋಚನೆ ಇನ್ನೂ ಇದೆಯೇ ಎಂದು ವಿಚಾರಿಸಿದ. "ಇದ್ರೆ ಹಳೇದನ್ನ ನಮ್ಮ ರೂಮಿಗೆ ಕಳಿಸ್ಬಿಡಿ ಅತ್ತಿಗೆ, ಹೇಗೂ ಕ್ಲೀನ್ ಆಗಿದೆಯಂತಲ್ಲ" ಎಂದ.

ಇಳಿದ ನೀರು ಬಂದು ನಿಲ್ಲುವ ತಟ್ಟೆಯೊಂದು ಫ್ರಿಜ್ಜಿನ ಹಿಂಬದಿಯಲ್ಲಿ, ಕಂಪ್ರೆಸರಿನ ಮೇಲಿರುತ್ತದೆ. ಮೀನಿನ ನೀರಿನ ಕೊನೆಯ ಪಾಲು ಹೋಗಿ ಸೇರಿರುವುದು ಅಲ್ಲಿಗೆ, ಅದನ್ನು ನಾನಿನ್ನೂ ಮುಟ್ಟಿಲ್ಲ. ಗುರುವಾರ ರಜೆ ಹಾಕಿ ಬಂದು ಆ ತಟ್ಟೆಯೊಂದನ್ನು ತೊಳೆದುಕೊಟ್ಟರೆ ಫ್ರಿಜ್ಜಿನ ವಿಷಯ ಮಾತಾಡೋಣ ಎಂದು ಹೇಳಿದ್ದೇನೆ. ಅದಕ್ಕಿನ್ನೂ ಉತ್ತರ ಬಂದಿಲ್ಲ.