ಕೀ ಕೊಟ್ರಾ ಮಿಸ್?

ಕೆಲಸಕ್ಕೆ ಸೇರುವ ಹಿಂದಿನ ರಾತ್ರಿ ಅಜ್ಜಿಯ ಟ್ರಂಕು ತೆಗೆದೆ. ಮಾವಿನೆಲೆ ಬಣ್ಣದ ಮೈಸೂರು ಸಿಲ್ಕು, ತೋಳು ಉಬ್ಬಿದ ರವಿಕೆ, ತಾತನ ಎಚ್‌ಎಂಟಿ ಜನತಾ ವಾಚು. ನೆನ್ನೆ ಮೊನ್ನೆ ಬಿ.ಎಡ್. ಮುಗಿಸಿದವಳು ಏಳನೇ ಕ್ಲಾಸಿನ ಮಕ್ಕಳೆದುರು ಸ್ವಲ್ಪ ದೊಡ್ಡವಳಂತೆ ಕಾಣಬೇಡವೇ? ಅಮ್ಮ ನೋಡಿ, “ಪಾಠ ಮಾಡೋಕೆ ಹೋಗ್ತಿದ್ದೀಯೋ, ಬೊಂಬೆ ಸಾಲಲ್ಲಿ ಕೂರೋಕೋ? ದಸರಾಕ್ಕೆ ಇನ್ನೂ ಟೈಮಿದೆ” ಅಂದಳು.

ನನಗೆ ಹಳೆಯದರ ಹುಚ್ಚು ಮೊದಲಿನಿಂದಲೂ ಇದೆ. ತಪ್ಪು ನನ್ನದಲ್ಲ, ನಮ್ಮ ಮೈಸೂರಿನದು. ಸಿಟಿ ಬಸ್ಸಿಗೆ ಓಡುವಾಗ ತಲೆಯೆತ್ತಿದರೆ 1927ರ ದೊಡ್ಡ ಗಡಿಯಾರ. ಉಟ್ಟ ಸೀರೆ 1912ರಲ್ಲಿ, ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆಯದು. ಹುರಿ ಹಾಕಿದ ನೂಲಿನ ಕ್ರೇಪು ಅದು. ಮೈಮೇಲೆ ನೀರಿನಂತೆ ಇಳಿಯುತ್ತದೆ, ಭುಜದಿಂದಲೂ ಇಳಿಯುತ್ತದೆ! ಬೋರ್ಡಿನತ್ತ ತಿರುಗಿದಾಗಲೆಲ್ಲ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಸೀಮೆಸುಣ್ಣ. ಮಧ್ಯಾಹ್ನದ ಹೊತ್ತಿಗೆ ಜರಿಯ ತುಂಬ ಬಿಳಿ ಪುಡಿ. ಸ್ಟಾಫ್ ರೂಮಿನಲ್ಲಿ ಹಿರಿಯ ಮೇಡಂ ಒಬ್ಬರು ನನ್ನ ರವಿಕೆ ನೋಡಿ ಮರುಗಿದರು. “ಇರ್ಲಿ ಬಿಡಮ್ಮ, ಮೊದಲ ಸಂಬಳ ಬಂದ್ಮೇಲೆ ಹೊಸದು ಹೊಲಿಸ್ಕೋ.” ಇದು ಸ್ಟೈಲು ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆ ಸೀರೆಯನ್ನು ಮತ್ತೆ ಶಾಲೆಗೆ ಉಡಲಿಲ್ಲ. ಕಾಟನ್ನಿಗೆ ಇಳಿದೆ. ವಾಚನ್ನು ಮಾತ್ರ ಬಿಡಲಿಲ್ಲ.

ಅದೇ ಮುಳುವಾಯಿತು. ಎರಡನೇ ವಾರ ಇಪ್ಪತ್ತು ನಿಮಿಷದ ಒಂದು ಟೆಸ್ಟ್ ಕೊಟ್ಟೆ. ಗತ್ತಿನಿಂದ ವಾಚು ಬಿಚ್ಚಿ ಮೇಜಿನ ಮೇಲಿಟ್ಟೆ. ಆಗಾಗ ಅದರತ್ತ ನೋಡಿ, “ಇನ್ನೂ ಟೈಮಿದೆ, ನಿಧಾನವಾಗಿ ಬರೀರಿ” ಅಂದೆ. ಮಕ್ಕಳೂ ನಿಧಾನವಾಗಿ ಬರೆದರು. ಪಕ್ಕದವನನ್ನು ಕೇಳಿಕೊಂಡು ಬರೆಯುವಷ್ಟು ನಿಧಾನವಾಗಿ. ಆಮೇಲೆ ಢಣಢಣ ಬೆಲ್ಲು! ನೋಡಿದರೆ ಮುಳ್ಳು ಹನ್ನೊಂದು ಇಪ್ಪತ್ತರಲ್ಲೇ ಇದೆ. ಬೆಳಿಗ್ಗೆ ಕೀ ಕೊಡಲು ಮರೆತಿದ್ದೆ.

ಮುಂದಿನ ಬೆಂಚಿನ ಹುಡುಗಿ ತಣ್ಣಗೆ ಹೇಳಿದಳು: “ಆಗಲೇ ನಿಂತಿತ್ತು ಮಿಸ್.”

“ಹೇಳಬಾರದಿತ್ತೇನೇ?”

“ನೀವು ಮಾತಾಡಬೇಡಿ ಅಂದಿದ್ರಲ್ಲ.”

ಮಾರನೇ ದಿನ ಅರ್ಧ ಪಿರಿಯಡ್ಡು ವಾಚಿಗೇ ಹೋಯಿತು. ಸೆಲ್ ಇಲ್ಲದೆ ಹೇಗೆ ಓಡುತ್ತದೆ ಅನ್ನುವುದೇ ಅವರ ಬೆರಗು. ಒಳಗಿನ ಸ್ಪ್ರಿಂಗು ಕೀ ಕೊಟ್ಟಾಗ ಬಿಗಿಯಾಗುತ್ತದೆ, ಆಮೇಲೆ ಇಷ್ಟಿಷ್ಟೇ ಬಿಚ್ಚಿಕೊಳ್ಳುತ್ತ ಚಕ್ರಗಳನ್ನು ತಿರುಗಿಸುತ್ತದೆ ಎಂದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಬೆಂಗಳೂರಿನಲ್ಲೇ ವಾಚು ಮಾಡತೊಡಗಿತು ಎಂದೂ ಹೇಳಿದೆ. ಅದು ಯಾರ ಕಿವಿಗೂ ಬೀಳಲಿಲ್ಲ. ಕಿವಿಗಳೆಲ್ಲ ವಾಚಿಗೆ ಅಂಟಿದ್ದವು.

ಈಗ ಹಾಜರಿ ಮುಗಿದ ಕೂಡಲೇ ಕ್ಲಾಸಿಗೆ ಕ್ಲಾಸೇ ಕೂಗುತ್ತದೆ, “ಕೀ ಕೊಟ್ರಾ ಮಿಸ್?”

ಟೆಸ್ಟ್ ಇರುವ ದಿನ ಮಾತ್ರ ಯಾರೂ ಕೇಳುವುದಿಲ್ಲ.